ಎಣಿಸುವವರನ್ನು ನಡುವೆ ಎಬ್ಬಿಸಬೇಡಿ

ನಸುಕಿನ ಸುಬುಹ್ ನಮಾಜಿನ ಚಾಪೆಯನ್ನು ಇನ್ನೂ ಸುತ್ತಿಟ್ಟಿಲ್ಲ. ಇಮಾಸ್ ಸುಕಾಯೆಸಿಹ್ ಅಡುಗೆಮನೆಯ ಮೂಲೆಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆಯುತ್ತಾರೆ. ಒಲೆಯ ಮೇಲೆ ಶುಂಠಿ, ತಾಳೆಬೆಲ್ಲದ ಬಂದ್ರೆಕ್ ಕುದಿಯುತ್ತಿದೆ. ಹೊರಗೆ ಕತ್ತಲು ಕರಗುವ ಮೊದಲೇ ಬಂಡುಂಗ್ ಬಳಿಯ ಈ ನೇಕಾರರ ಊರು ಮಜಲಾಯಾದ ಮಗ್ಗಗಳು ಮಾತಿಗೆ ತೊಡಗಿವೆ. ನಾವು ಮಲಗಿದ್ದಾಗ ಯುರೋಪಿನಲ್ಲಿ ಎದ್ದಿದ್ದವರು ಇಮಾಸ್ ಬರೆದ ಕೋಡನ್ನು ಓದಿ, ತಪ್ಪು ಹುಡುಕಿ, ಉತ್ತರ ಕಳಿಸಿರುತ್ತಾರೆ. ಇಮಾಸ್‌ರ ದಿನ ಶುರುವಾಗುವುದು ಆ ಉತ್ತರಗಳಿಂದ.

"ಇವತ್ತೂ ಬೈದಿದ್ದಾರಾ?" ಬಾಗಿಲಲ್ಲಿ ಬಿಸಿ ಸುರಾಬಿ ದೋಸೆಯ ಪೊಟ್ಟಣ ಹಿಡಿದು ನಿಂತಿರುವವರು ಪಕ್ಕದ ಮನೆಯ ನೇಕಾರ್ತಿ ಎಂತಿನ್. ಓಣಿಗೆಲ್ಲ ಚಿಕ್ಕಮ್ಮ, ಹಾಗಾಗಿ ಎಲ್ಲರ ಬಾಯಲ್ಲೂ ಬಿಬಿ.

"ಬೈದಿಲ್ಲ ಬಿಬಿ. ತುಂಬಾ ದುಬಾರಿ ಆಯ್ತು ಅಂದಿದ್ದಾರೆ."

"ದುಬಾರಿಯಾ? ನೀನು ಬಿಟ್ಟಿ ಮಾಡಿಕೊಡ್ತಾ ಇರೋದಲ್ವೇನೆ!"

"ದುಡ್ಡಿನ ಮಾತಲ್ಲ. ಹೊತ್ತು ಜಾಸ್ತಿ ತಿನ್ನತ್ತೆ ಅಂತ."

ಬಿಬಿ ನಗುವುದಿಲ್ಲ. ಈ ಕೆಲಸ ಬೇಗ ಮುಗಿಯಬೇಕಾಗಿರುವುದು ಎಲ್ಲರಿಗಿಂತ ಹೆಚ್ಚಾಗಿ ಅವರಿಗೇ.

ಇಮಾಸ್ ಕೆಲಸ ಮಾಡುವುದು ಕರ್ನಲ್ಲಿನಲ್ಲಿ. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮಿನ ತೀರಾ ಒಳಗಿನ ತಿರುಳು ಅದು. ಆ ತಿರುಳಿನಲ್ಲೂ ಒಂದು ಪುಟ್ಟ ಮೂಲೆ ಇವರದು: ಮೆಮೊರಿಯ ಎಷ್ಟು ತುಂಡು ಖಾಲಿ, ಎಷ್ಟು ಬಳಕೆಯಲ್ಲಿದೆ, ಎಷ್ಟನ್ನು ತೆರವು ಮಾಡಲೆಂದು ಪಕ್ಕಕ್ಕೆ ಎತ್ತಿಟ್ಟಿದೆ ಎಂಬ ಎಣಿಕೆ. ವಾರಕ್ಕೆ ಮೂರು ದಿನ ಬಂಡುಂಗ್‌ನ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಾರೆ. ಉಳಿದ ಹೊತ್ತು ಈ ಎಣಿಕೆಗೆ. ಚಿತಾರುಮ್ ನದಿ ಉಕ್ಕಿ ಮನೆಯೊಳಗೆ ಬಂದಾಗಲೆಲ್ಲ ಮೊದಲು ಲ್ಯಾಪ್‌ಟಾಪ್, ಆಮೇಲೆ ಅಕ್ಕಿ, ಆಮೇಲೆ ಅಮ್ಮನ ಫೋಟೊ ಅಟ್ಟಕ್ಕೇರುತ್ತವೆ. "ಅಮ್ಮ ಕೊನೇಲಾ?" ಎಂದರೆ, "ಅಮ್ಮ ಮಗ್ಗದವಳು. ಕೆಲಸದ ಸಾಮಾನು ಮೊದಲು ಅಂತ ಅವಳೇ ಕಲಿಸಿದ್ದು" ಎನ್ನುತ್ತಾರೆ.

ಎಣಿಸುವುದರಲ್ಲಿ ಏನು ಮಹಾ ಎಂದು ನಾನೂ ಕೇಳಿದ್ದೆ. ಉತ್ತರವಾಗಿ ಇಮಾಸ್ ನನ್ನನ್ನು ಒಂದು ಮದುವೆಮನೆಗೆ ಕರೆದೊಯ್ದರು, ಮಾತಿನಲ್ಲೇ.

ಆ ಮದುವೆಮನೆಗೆ ನಾಲ್ಕು ಬಾಗಿಲು. ಜನ ಉಗ್ರಾಣದಿಂದ ತಟ್ಟೆ ಒಯ್ಯುತ್ತಾರೆ, ತಂದಿಡುತ್ತಾರೆ. ಹೊರಗೆ ಹೋದ ತಟ್ಟೆ ಎಷ್ಟೆಂದು ನಡುಮನೆಯ ದೊಡ್ಡ ಹಲಗೆಯಲ್ಲಿ ಬರೆಯಬೇಕು. ಪ್ರತಿ ತಟ್ಟೆಗೂ ಎಲ್ಲರೂ ಹಲಗೆಯ ಬಳಿಗೆ ಓಡಿದರೆ ಅಲ್ಲೇ ನೂಕುನುಗ್ಗಲು, ಊಟವೇ ನಡೆಯದು. ಅದಕ್ಕೆ ಪ್ರತಿ ಬಾಗಿಲಿಗೂ ಒಂದೊಂದು ಪುಟ್ಟ ಸ್ಲೇಟು. ಬಾಗಿಲಲ್ಲಿ ಕೂತವರು ತಟ್ಟೆ ಹೋದರೆ ಒಂದು ಕೂಡಿಸುತ್ತಾರೆ, ಬಂದರೆ ಒಂದು ಕಳೆಯುತ್ತಾರೆ. ಸ್ಲೇಟಿನ ಅಂಕಿ ಒಂದು ಮಿತಿ ದಾಟಿದಾಗ ಮಾತ್ರ ದೊಡ್ಡ ಹಲಗೆಗೆ ಸೇರಿಸಿ ಬರುತ್ತಾರೆ. ಮೆಮೊರಿಯ ತುಂಡುಗಳೇ ಆ ತಟ್ಟೆಗಳು, ಕಂಪ್ಯೂಟರಿನ ಪ್ರೊಸೆಸರುಗಳೇ ಆ ಬಾಗಿಲುಗಳು.

"ನೆನಪಿಟ್ಕೋ, ಸ್ಲೇಟು ಬಾಗಿಲಿಂದು. ಅಲ್ಲಿ ಕೂತವರದ್ದಲ್ಲ," ಎನ್ನುತ್ತಾರೆ ಇಮಾಸ್. "ಎಡವಟ್ಟು ಹುಟ್ಟೋದೇ ಅಲ್ಲಿ."

ಒಬ್ಬಳು ಸ್ಲೇಟಿನಲ್ಲಿ ಐದು ಎಂದು ಓದುತ್ತಾಳೆ. ಒಂದು ತಟ್ಟೆ ಹೋಗಿದೆ, ಆರು ಬರೆಯಬೇಕು. ಬಳಪ ಎತ್ತುವಷ್ಟರಲ್ಲಿ ಯಾರೋ ಅವಳನ್ನು ಎಬ್ಬಿಸುತ್ತಾರೆ. ಆ ಜಾಗಕ್ಕೆ ಬಂದವಳು, ವಾಪಸು ಬಂದ ಮೂರು ತಟ್ಟೆ ಕಳೆದು ಎರಡು ಎಂದು ಬರೆದು ಹೋಗುತ್ತಾಳೆ. ಮೊದಲಿನವಳು ಮರಳಿ ಬಂದು ತಲೆಯಲ್ಲಿದ್ದ ಆರನ್ನೇ ಬರೆಯುತ್ತಾಳೆ. ಬಂದ ಮೂರು ತಟ್ಟೆ ಉಗ್ರಾಣದಲ್ಲಿವೆ; ಲೆಕ್ಕದಲ್ಲಿ ಮಾತ್ರ ಎಂದೆಂದಿಗೂ ಹೊರಗೆ. ಹೀಗೇ ಒಂದೊಂದಾಗಿ ಕೂಡಿ ಒಂದು ದಿನ ಹಲಗೆ ಹೇಳುತ್ತದೆ: ತುಂಬಾ ತಟ್ಟೆ ಹೊರಗಿವೆ, ಅವು ಬರುವವರೆಗೆ ಯಾರೂ ಒಯ್ಯುವಂತಿಲ್ಲ. ಕಪಾಟು ತುಂಬ ತಟ್ಟೆ ಜೋಡಿಸಿಟ್ಟು, ಬಾರದ ತಟ್ಟೆಗಾಗಿ ಇಡೀ ಮದುವೆಮನೆ ಕಾಯುತ್ತ ಕೂರುತ್ತದೆ.

ನನ್ನಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ಶಾಪದ ಅರಮನೆಗಳೂ ಹೀಗೇ ನಿಂತುಬಿಡುತ್ತಿದ್ದವು. ಆದರೆ ಇದು ಬಿಬಿ ಎಂತಿನ್ ಅವರ ಮಗ್ಗದಲ್ಲಿ ನಿಜವಾಗಿಯೇ ನಡೆದಿದೆ.

ಬಿಬಿಯ ಧಣಿ ಹಾಜಿ ಓಮನ್ ಅವರ ಶೆಡ್ಡಿನಲ್ಲಿ ಈಗ ಮಗ್ಗಗಳನ್ನು ನಡೆಸುವುದು ಕಂಪ್ಯೂಟರು. ಲೆಬಾರನ್ ಎಂಬ ಈದ್ ಹಬ್ಬಕ್ಕೆ ಉಡುವ ಸರೋಂಗು ಲುಂಗಿಗಳಿಗೆ ಬೇಡಿಕೆ ಏರುತ್ತಿರುವಾಗಲೇ ಬಿಬಿಯ ಮಗ್ಗ ಅರ್ಧ ಹೂವಿನಲ್ಲಿ ನಿಲ್ಲತೊಡಗಿತು. ಉಳಿದವು ನಿಲ್ಲುವುದಿಲ್ಲ. "ಮಗ್ಗಕ್ಕೆ ಏನೂ ಆಗಿಲ್ಲ ಎಂತಿನ್, ನಿಮ್ಮ ಬೆರಳಿಗೆ ವಯಸ್ಸಾಯ್ತು. ಏನೇನೋ ಒತ್ತುತ್ತೀರ," ಎಂದರು ಹಾಜಿ. ಹಬ್ಬದೊಳಗೆ ಸರಿಹೋಗದಿದ್ದರೆ ನೂಲು ಸುತ್ತುವ ಕಡೆಗೆ ಹಾಕುತ್ತೇನೆ ಎಂದೂ ಹೇಳಿದರು. ಹುಡುಗಿಯಾಗಿದ್ದಾಗಿನಿಂದ ಮಗ್ಗದ ಮುಂದೆಯೇ ನಿಂತವರಿಗೆ ಅದು ಕೆಲಸದ ಬದಲಾವಣೆಯಲ್ಲ, ಕಳಂಕ.

"ನಾನು ಅತ್ತುಕೊಂಡು ಬಂದ್ರೆ ಇವಳು ಸಮಾಧಾನ ಮಾಡೋದು ಬಿಟ್ಟು ಪ್ರಶ್ನೆ ಕೇಳ್ತಾಳೆ!" ಎನ್ನುತ್ತಾರೆ ಬಿಬಿ. "ಯಾವಾಗ ನಿಲ್ಲತ್ತೆ? ಚೌಕುಳಿ ನೇಯುವಾಗಲಾ, ಹೂವು ನೇಯುವಾಗಲಾ? ಆರಿಸಿ ಹಚ್ಚಿದ್ರೆ ಏನಾಗತ್ತೆ?"

ನಿಲ್ಲುವುದು ದೊಡ್ಡ ಹೂವಿನ ನಕ್ಷೆ ಹಾಕುವಾಗ. ಶೆಡ್ಡಿನಲ್ಲಿ ಆ ನಕ್ಷೆ ನೇಯುವವರು ಬಿಬಿ ಒಬ್ಬರೇ. ಆರಿಸಿ ಹಚ್ಚಿದರೆ ಸರಿಹೋಗಿ, ಕೆಲವು ದಿನ ಕಳೆದ ಮೇಲೆ ಮತ್ತೆ ಮೊಂಡಾಟ. ಇಮಾಸ್‌ರ ಕಿವಿ ನಿಮಿರಿದ್ದು ಅಲ್ಲೇ. ದೊಡ್ಡ ನಕ್ಷೆ ಎಂದರೆ ಮೆಮೊರಿಗೆ ಇಕ್ಕಟ್ಟು. ಆರಿಸಿದರೆ ವಾಸಿ ಎಂದರೆ ಒಳಗೆ ಏನೋ ನಿಧಾನವಾಗಿ ಕೂಡುತ್ತಿದೆ.

ಮೂಲ ಸಿಕ್ಕಿದ್ದು ಎರಡು ಅಡಿಗೆರೆಗಳಲ್ಲಿ (__). ಕರ್ನಲ್ ಬರೆಯುವವರಲ್ಲಿ ಒಂದು ರೂಢಿಯಿದೆ: ಸ್ಲೇಟು ತಿದ್ದುವ ಆಜ್ಞೆಯ ಹೆಸರಿನ ಮುಂದೆ ಎರಡು ಅಡಿಗೆರೆ ಇದ್ದರೆ, ಇದು ಬೇಗ ಆಗುತ್ತದೆ, ಆದರೆ ಕಾವಲು ನಿಮ್ಮದೇ ಎಂದರ್ಥ. ಯಾರೋ ಎಂದೋ ಅದನ್ನು ಬಳಸಿದ್ದಾರೆ, ಉಗ್ರಾಣದ ಬೀಗದ ಕೈ ನಮ್ಮ ಸೊಂಟದಲ್ಲಿದೆ, ಯಾರು ಎಬ್ಬಿಸುತ್ತಾರೆ ಎಂಬ ಧೈರ್ಯದಲ್ಲಿ. ಸಾಮಾನ್ಯ ಕಂಪ್ಯೂಟರಿನಲ್ಲಿ ಅದು ಸರಿಯೇ. ಆದರೆ ಮಗ್ಗದ್ದು ಅವಸರದ ಕರ್ನಲ್. ಅಲ್ಲಿ ಎಳೆ ಹಾಯುವ ಹೊತ್ತಿಗೆ ಸರಿಯಾಗಿ ಕೆಲಸ ಆಗಲೇಬೇಕು. ತುರ್ತಿನವರು ಬಂದರೆ, ಕೈಯಲ್ಲಿ ಬೀಗದ ಕೈ ಇದ್ದರೂ ಏಳಲೇಬೇಕು.

ಇಮಾಸ್ ಮೊದಲು ಬರೆದ ತಿದ್ದುಪಡಿ ಎಲ್ಲ ಕಂಪ್ಯೂಟರುಗಳಲ್ಲೂ, ಸ್ಲೇಟಿನ ಪ್ರತಿ ಬರಹಕ್ಕೂ, ಕೂತವರನ್ನು ಎಬ್ಬಿಸುವ ಕರೆಗಂಟೆಗಳನ್ನೇ ಬಂದ್ ಮಾಡುತ್ತಿತ್ತು. ಅದಕ್ಕೇ ‘ದುಬಾರಿ’ ಎಂಬ ಉತ್ತರ. "ಅವರು ಹೇಳಿದ್ದು ನ್ಯಾಯ. ಒಂದು ಮನೇಲಿ ಮಗು ಮಲಗಿದೆ ಅಂತ ಊರಿನ ಗಂಟೆಗಳನ್ನೆಲ್ಲ ಕಟ್ಟಿಹಾಕೋಕಾಗತ್ತಾ?" ಎಂದು ಇಮಾಸ್ ಸುರಾಬಿ ಮುರಿಯುತ್ತಾರೆ. ಹೊಸ ತಿದ್ದುಪಡಿ ಮಿತವಾದದ್ದು. ಅವಸರದ ಕರ್ನಲ್ಲಿನಲ್ಲಿ ಮಾತ್ರ, ಓದಿ, ಲೆಕ್ಕ ಹಾಕಿ, ಬರೆದು ಮುಗಿಸುವ ಆ ಒಂದು ಚಿಟಿಕೆ ಹೊತ್ತು, ಕೂತವರನ್ನು ಯಾರೂ ಎಬ್ಬಿಸಬಾರದು. ಬೇರೆ ಕಂಪ್ಯೂಟರುಗಳಿಗೆ ಅದರ ಭಾರವೇ ಇಲ್ಲ.

ಅದನ್ನು ಬಿಬಿಯ ಮಗ್ಗಕ್ಕೆ ಹಾಕಲು ಹಾಜಿ ಗೊಣಗುತ್ತಲೇ ಒಪ್ಪುತ್ತಾರೆ. ದೊಡ್ಡ ಹೂವಿನ ನಕ್ಷೆ ಏರುತ್ತದೆ. ಆ ವಾರ ಮಗ್ಗ ನಿಲ್ಲುವುದಿಲ್ಲ. ಮುಂದಿನ ವಾರವೂ ಇಲ್ಲ. ಹಾಜಿ ಕ್ಷಮೆ ಕೇಳುವವರಲ್ಲ. ಇನ್ನೂ ದೊಡ್ಡ ಹೂವಿನ ನಕ್ಷೆಯೊಂದನ್ನು ತಂದು, "ಇದನ್ನೂ ನೀವೇ ನೇಯ್ರಿ ಎಂತಿನ್" ಎಂದು ಮಗ್ಗದ ಮೇಲಿಟ್ಟು ಹೋಗುತ್ತಾರೆ.

ಮತ್ತೊಂದು ಬೆಳಗು. ಯುರೋಪಿನಿಂದ ಒಂದೇ ಸಾಲು ಬಂದಿದೆ: ಒಪ್ಪಿದ್ದೇವೆ. ತಿದ್ದುಪಡಿಯ ಕೆಳಗೆ ದೋಷ ತಿಳಿಸಿದವರ ಹೆಸರು ಬರೆಯುವುದು ಅಲ್ಲಿನ ವಾಡಿಕೆ. ಇಮಾಸ್ ಪರದೆಯನ್ನು ತಿರುಗಿಸಿ ತೋರಿಸುತ್ತಾರೆ: ಎಂತಿನ್, ಮಜಲಾಯಾ.

ಬಿಬಿ ಗಾಬರಿಯಾಗುತ್ತಾರೆ. "ಅಯ್ಯೋ, ನನ್ನ ಹೆಸರು ಯಾಕೆ ಹಾಕಿದ್ಯೇ? ಹಾಜಿ ಒಬ್ಬರು ದೂರಿದ್ದು ಸಾಲ್ದು ಅಂತ ಈಗ ಜಗತ್ತೆಲ್ಲಾನಾ?"

"ದೋಷ ಮಾಡಿದವರದ್ದಲ್ಲ ಬಿಬಿ, ಹಿಡಿದುಕೊಟ್ಟವರ ಹೆಸರು ಅದು."

ಬಿಬಿ ಪರದೆಯ ಹತ್ತಿರ ಬಾಗಿ ತಮ್ಮ ಹೆಸರನ್ನು ಬೆರಳಿಟ್ಟು ಓದುತ್ತಾರೆ. ಆಮೇಲೆ ತಲೆವಸ್ತ್ರದ ತುದಿಯಿಂದ ಪರದೆಯ ಮೇಲಿನ ಬೆರಳ ಗುರುತು ಒರೆಸಿ, ಹೊತ್ತಾಯಿತೆಂದು ಶೆಡ್ಡಿಗೆ ಓಡುತ್ತಾರೆ.

ಇನ್ನೇನು ಆಸೆ ಎಂದು ಇಮಾಸ್‌ರನ್ನು ಕೇಳುತ್ತೇನೆ. "ಈ ಮೂಲೆಯ ನೆನಪು ಯಾರಿಗೂ ಬರಬಾರದು," ಎನ್ನುತ್ತಾರೆ. "ಎಣಿಕೆ ಸರಿ ಇದ್ರೆ ಎಣಿಸೋರು ಇದ್ದಾರೆ ಅಂತಾನೇ ಗೊತ್ತಾಗಲ್ಲ." ಬಂದ್ರೆಕ್ ತಣ್ಣಗಾಗುತ್ತಿದೆ. ಹೊರಗೆ ನೂರಾರು ಮಗ್ಗಗಳು ಒಟ್ಟಿಗೆ ಬಡಿಯುತ್ತಿವೆ. ಇಮಾಸ್ ಲೋಟ ಹಿಡಿದ ಕೈಯನ್ನು ಕೇಳು ಎಂಬಂತೆ ಮೇಲೆತ್ತುತ್ತಾರೆ.

"ಆ ಸ್ವಲ್ಪ ಭಾರದ ಸದ್ದು ಕೇಳಿಸ್ತಾ? ಅದು ಬಿಬಿದು. ಹೂವಿನ ಮಧ್ಯದಲ್ಲಿದೆ."