ನಾಲ್ಕು ಮೆಟ್ಟಿಲಿನ ಗೊಂಬೆ ಲೆಕ್ಕ

ಲೆಕ್ಕವನ್ನು ಮಕ್ಕಳ ಬದುಕಿನಿಂದಲೇ ಎತ್ತಿಕೊಂಡು ಕಲಿಸಬೇಕು ಎಂದು ಟ್ರೈನಿಂಗ್ ಕಾಲೇಜಿನಲ್ಲಿ ನಮಗೆ ವರ್ಷವಿಡೀ ಬೋಧಿಸಿದರು. ಹಾಗೆ ಬೋಧಿಸಿದವರು ಯಾರೂ ಎಂಟನೇ ಕ್ಲಾಸಿನ ಹೆಣ್ಣುಮಕ್ಕಳೆದುರು ಒಂದು ಪೀರಿಯಡ್ಡೂ ನಿಂತವರಲ್ಲ ಎಂಬುದು ನನಗೆ ಆಮೇಲೆ ಖಾತ್ರಿಯಾಯಿತು. ಬದುಕನ್ನು ತರಗತಿಗೆ ಕರೆದರೆ ಅದು ಒಂಟಿಯಾಗಿ ಬರುವುದಿಲ್ಲ. ಅಜ್ಜಿ, ಮಡಿ, ಶಾಸ್ತ್ರ ಎಲ್ಲವನ್ನೂ ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮೈಸೂರಿನ ಅಗ್ರಹಾರದ ಹತ್ತಿರ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಲೆಕ್ಕದ ಮಿಸ್. ನಮ್ಮ ಹೈಸ್ಕೂಲಿನಲ್ಲಿ ಗಣಿತವನ್ನು ಮುಖ್ಯ ವಿಷಯವಾಗಿ ಓದುವ ವಿಭಾಗವೇ ಇರಲಿಲ್ಲ. ಎಂಟನೇ ಕ್ಲಾಸು ಮುಗಿಸಿದವರೆಲ್ಲ ಸಾಲಾಗಿ ಗೃಹವಿಜ್ಞಾನಕ್ಕೆ ಹೋಗಬೇಕು, ಹೊಲಿಗೆ, ಅಡುಗೆ, ಉಪ್ಪಿನಕಾಯಿ ಕಲಿಯಬೇಕು. ಗಣಿತವೇ ಬೇಕೆಂದರೆ ಗಂಡುಹುಡುಗರ ಶಾಲೆಗೆ ಹೋಗಬೇಕಿತ್ತು. ಯಾವ ಅಪ್ಪ ಕಳಿಸುತ್ತಾನೆ? ನಮ್ಮಲ್ಲೇ ಒಂದು ಗಣಿತ ವಿಭಾಗ ತೆರೆಸಿ ಎಂದು ನಾನು ಹೆಡ್‌ಮಿಸ್ಟ್ರೆಸ್‌ರ ಬೆನ್ನು ಹತ್ತಿದ್ದೆ. ಅವರದು ಯಾವಾಗಲೂ ಒಂದೇ ಉತ್ತರ. “ನನಗೇನ್ರೀ, ತಾಯಂದಿರು ಒಪ್ಪಲ್ಲ. ಮನೆಗೆಲಸ ಕಲಿಯೋದು ಬಿಟ್ಟು ಲೆಕ್ಕ ಮಾಡ್ತಾ ಕೂತ್ರೆ ಅವರು ನನ್ನ ಬಿಡ್ತಾರಾ?”

ಕೊನೆಗೆ ನನ್ನ ಕಾಟ ತಡೆಯಲಾರದೆ ಅರ್ಜಿ ಹಾಕಿದರು. ದಸರಾ ರಜೆಗೆ ಮುಂಚೆ ಇನ್ಸ್‌ಪೆಕ್ಟರ್ ಬಂದು ನನ್ನ ಪಾಠ ನೋಡುತ್ತಾರೆ, ಮಕ್ಕಳಿಗೆ ಗಣಿತದ ಯೋಗ್ಯತೆ ಇದೆ ಎಂದು ಅನ್ನಿಸಿದರೆ ವಿಭಾಗ ಮಂಜೂರು ಎಂದಾಯಿತು.

ಹಬ್ಬದ ಹೊತ್ತು. ಹುಡುಗಿಯರ ತಲೆಯಲ್ಲಿ ಗೊಂಬೆ ಕೂರಿಸುವುದು ಬಿಟ್ಟು ಬೇರೇನೂ ಇರಲಿಲ್ಲ. ಸರಿ, ಗೊಂಬೆಯಿಂದಲೇ ಕಲಿಸೋಣ ಎಂದುಕೊಂಡೆ. ಬೋರ್ಡಿನ ಮೇಲೆ ಮೆಟ್ಟಿಲು ಬರೆದು, ಮೇಲಿನದರಲ್ಲಿ ಒಂದು ಗೊಂಬೆ, ಅದರ ಕೆಳಗೆ ಮೂರು, ಅದರ ಕೆಳಗೆ ಐದು ಎಂದು ಶುರುಮಾಡಿದೆ. ಕ್ಲಾಸಿಗೆ ಕ್ಲಾಸೇ ಎದ್ದು ನಿಂತಿತು.

“ಮಿಸ್, ರಾಣಿ ಎಲ್ಲಿ?”

ಮೇಲಿನ ಮೆಟ್ಟಿಲಲ್ಲಿ ಕೂರುವುದು ಪಟ್ಟದ ಗೊಂಬೆ, ರಾಜ ರಾಣಿ ಜೋಡಿ. ರಾಜನೊಬ್ಬನನ್ನೇ ಕೂರಿಸಿದರೆ ಅವನೇನು ಸನ್ಯಾಸಿಯೇ ಎಂದು ಒಬ್ಬಳು ಕೇಳಿದಳು. ನನ್ನ ಮನೆಯಲ್ಲೂ ಪಟ್ಟದ ಗೊಂಬೆ ಇತ್ತು, ನನಗೂ ಗೊತ್ತಿತ್ತು, ಆದರೆ ಇದು ಲೆಕ್ಕ ಕಣ್ರೇ, ಲೆಕ್ಕ! ಕೂಗಿ ಗಂಟಲು ಕಟ್ಟಿತೇ ಹೊರತು ಯಾರೂ ಕೂರಲಿಲ್ಲ. ಇಡೀ ಪಾಠವನ್ನು ಅಳಿಸಿ, ಎರಡು, ನಾಲ್ಕು, ಆರು ಎಂದು ಬರೆದ ಮೇಲೆಯೇ ರಾಜನಿಗೆ ಸಂಸಾರ ಒದಗಿ ಕ್ಲಾಸು ಕೂತಿತು.

ಆದರೆ ಕೂತ ಮೇಲೆ ಓಡಿತು. ಮೂರು ಮೆಟ್ಟಿಲಿಗೆ ಹನ್ನೆರಡು ಗೊಂಬೆ, ಐದಕ್ಕೆ ಮೂವತ್ತು, ಏಳಕ್ಕೆ ಐವತ್ತಾರು. ಎಲ್ಲರೂ ಬೆರಳು ಮಡಿಸಿ ಕೂಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಅಷ್ಟೆಲ್ಲ ಕೂಡೋದ್ಯಾಕೆ ಮಿಸ್? ಮೆಟ್ಲು ಎಷ್ಟೋ ಅದನ್ನ ಅದರ ಮುಂದಿನ ಸಂಖ್ಯೆಯಿಂದ ಗುಣಿಸಿಬುಟ್ರೆ ಆಯ್ತು” ಎಂದಳು. ನಾನು ಹೇಳಿಕೊಟ್ಟಿರಲಿಲ್ಲ, ಪುಸ್ತಕದಲ್ಲೂ ಇರಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಅವಳ ಅಪ್ಪ ಹಳ್ಳಿಯಿಂದ ಬಂದು ಸೌದೆ ಡಿಪೋ ಇಟ್ಟುಕೊಂಡಿದ್ದವರು. ಇವಳನ್ನು ಉಪ್ಪಿನಕಾಯಿ ಭರಣಿಯ ಮುಂದೆ ಕೂರಿಸಲು ನಾನು ಬಿಡುವುದಿಲ್ಲ ಎಂದು ಅವತ್ತೇ ನಿಶ್ಚಯಿಸಿದೆ.

ಇನ್ಸ್‌ಪೆಕ್ಟರ್ ಬಂದರು. ಧಾರವಾಡದ ಕಡೆಯವರು, ರಾಜ್ಯ ಒಂದಾದ ಮೇಲೆ ಇತ್ತ ವರ್ಗವಾಗಿ ಬಂದವರು, ಮರ್ಯಾದಸ್ಥರು. ಪಾಠ ಹೂವೆತ್ತಿದ ಹಾಗೆ ನಡೆಯಿತು. ಮೂರು, ಐದು, ಏಳು, ಒಂಬತ್ತು, ಎಲ್ಲಕ್ಕೂ ಉತ್ತರ ಪಟಪಟ ಬಂತು. ಅವರಿಗೆ ಅನುಮಾನ ಬಂದದ್ದೇ ಅಲ್ಲಿ. ಬಾಯಿಪಾಠ ಮಾಡಿಸಿದ್ದಾರೋ ಏನೋ ಎಂದು ಹಿಂದಿನ ಬೆಂಚಿನವಳನ್ನೇ ಎಬ್ಬಿಸಿದರು.

“ನಾಕ ಮೆಟ್ಟಲ ಇದ್ರ ಎಷ್ಟ ಗೊಂಬಿ ಆಗ್ತಾವ, ಹೇಳವಾ.”

ಗೊಂಬೆಯ ಮೆಟ್ಟಿಲು ಯಾವತ್ತೂ ಬೆಸ ಸಂಖ್ಯೆಯಲ್ಲೇ ಇರಬೇಕು. ನಾಲ್ಕು, ಆರು ಇಡುವ ಹಾಗೇ ಇಲ್ಲ. ಅವರ ಕಡೆ ನವರಾತ್ರಿಗೆ ಘಟ ಸ್ಥಾಪಿಸುತ್ತಾರೆ, ಗೊಂಬೆ ಕೂರಿಸುವುದಿಲ್ಲ. ಅವರಿಗೆ ಹೇಗೆ ಗೊತ್ತಾಗಬೇಕು?

“ನಾಲ್ಕು ಇಡಬಾರ್ದು ಸಾರ್,” ಎಂದಳು ಮಹಾರಾಯಿತಿ.

“ಇಟ್ರ ಅಂತ ತಿಳಕೋ.”

“ಎಂಗ್ ತಿಳ್ಕೊಳ್ಳೋದು ಸಾರ್? ಮನೇಗೆ ಆಗಿ ಬರಲ್ಲ.”

“ಉತ್ತರ ಹೇಳವಾ.”

ಅವಳು ಪಾಪ, ದೊಡ್ಡವರನ್ನು ಎದುರಿಸಬಾರದೆಂದು ತಾನೇ ಒಂದು ಮೆಟ್ಟಿಲು ಸೇರಿಸಿಕೊಂಡು, “ಮೂವತ್ತು ಸಾರ್” ಎಂದಳು. ಪಕ್ಕದವಳನ್ನು ಕೇಳಿದರೆ ಅವಳು ಒಂದು ಮೆಟ್ಟಿಲು ಕಳೆದು, “ಹನ್ನೆರಡು” ಎಂದಳು. ಇಪ್ಪತ್ತು ಎನ್ನುವ ಒಂದು ನರಪಿಳ್ಳೆಯೂ ಆ ಕೋಣೆಯಲ್ಲಿ ಇರಲಿಲ್ಲ. ನಾನು ತಡೆಯಲಾರದೆ, “ಗೊಂಬೆ ಬಿಡೇ! ಇಟ್ಟಿಗೆ ಅಂದ್ಕೋ! ನಾಲ್ಕು ಸಾಲು ಇಟ್ಟಿಗೆ!” ಎಂದು ಅರಚಿದೆ.

“ಇಪ್ಪತ್ತು ಮಿಸ್,” ಎಂದಳು ಸೌದೆ ಡಿಪೋದವರ ಮಗಳು ಕಣ್ಣು ಮಿಟುಕಿಸುವುದರೊಳಗೆ.

“ಈಗ ನೀವ ಹೇಳಿಕೊಟ್ಟಂಗಾತಲ್ರೀ,” ಎಂದರು ಇನ್ಸ್‌ಪೆಕ್ಟರ್.

ನಾನು ಶಾಸ್ತ್ರ ವಿವರಿಸಿದೆ. ಅವರು ಕೇಳಿದರು, ತಲೆಯಾಡಿಸಿದರು. ಗಣಿತ ಕಲಿಯುವವರಿಗೆ ಇಲ್ಲದ್ದನ್ನೂ ಇದೆ ಎಂದುಕೊಳ್ಳಲು ಬರಬೇಕು, ಅದು ಈ ಮಕ್ಕಳಿಗೆ ಬಂದಿಲ್ಲ ಎಂದರು. ಅವರ ಮಾತಿನಲ್ಲಿ ಸತ್ಯ ಇಲ್ಲದಿರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಮೈ ಉರಿಯಿತು. ಹೊರಡುವಾಗ ಹೆಡ್‌ಮಿಸ್ಟ್ರೆಸ್‌ಗೆ, “ನನಗೇನೂ ಮನಸ್ಸಿಗೆ ಬರಲಿಲ್ಲ. ಆದ್ರ ತಾಯಿ-ತಂದಿ ಬೇಕಂದ್ರ ತಿಳಸ್ರಿ, ನೋಡೋಣು” ಎಂದರು. ತಾಯಂದಿರ ವಿಷಯ ನಮ್ಮ ಹೆಡ್‌ಮಿಸ್ಟ್ರೆಸ್‌ಗೆ ಮೊದಲೇ ಗೊತ್ತಿತ್ತಲ್ಲ. ಹೊಲಿಗೆ ಮಿಷನ್‌ಗಳು ಎಷ್ಟು ಬೇಕಾಗಬಹುದು ಎಂದು ಅವತ್ತೇ ಸಂಜೆ ನನ್ನನ್ನು ಕೇಳಿದರು. ಲೆಕ್ಕದ ಮಿಸ್ ಅಲ್ಲವೇ, ನಾನೇ ಲೆಕ್ಕ ಹಾಕಿಕೊಡಬೇಕಂತೆ!

ಮಾರನೆಯ ದಿನ ಪ್ರಾರ್ಥನೆ ಮುಗಿಯುವ ಮೊದಲೇ ಸೌದೆ ಡಿಪೋದವರ ಹೆಂಡತಿ ಆಫೀಸು ರೂಮಿಗೆ ನುಗ್ಗಿದರು. ಹಿಂದೆ ಇನ್ನೂ ಹಲವು ತಾಯಂದಿರು. ಪರೀಕ್ಷೆಯಲ್ಲಿ ಮಕ್ಕಳು ಸೊನ್ನೆ ತೆಗೆದಾಗ ಒಬ್ಬರಾದರೂ ಈ ಬಾಗಿಲು ತುಳಿದಿದ್ದರೆ ಕೇಳಿ. ಆಕೆಯ ಮನೆಯಲ್ಲಿ ಗೊಂಬೆ ಕೂರಿಸಲು ಶುರುಮಾಡಿ ಮೂರೋ ನಾಲ್ಕೋ ವರ್ಷವಾಗಿತ್ತಷ್ಟೆ. ಹೊಸದಾಗಿ ಹಿಡಿದವರ ನೇಮ ಹಳಬರಿಗಿಂತ ಬಿಗಿ.

“ಮುತ್ತೈದೆ ಮನೇಲಿ ನಾಕು ಮೆಟ್ಲು ಇಡು ಅಂತ ಹೇಳ್ಕೊಡ್ತೀರಾ ಇಸ್ಕೂಲಲ್ಲಿ? ಮಗು ರಾತ್ರಿಯೆಲ್ಲ ಅತ್ತು ಅತ್ತು ಮಲಗ್ತು ಕಣಮ್ಮಾ!”

ಹೆಡ್‌ಮಿಸ್ಟ್ರೆಸ್ ನನ್ನ ಕಡೆ ನೋಡಿದ ನೋಟಕ್ಕೆ ನಾನು ಬೂದಿಯಾಗಬೇಕಿತ್ತು. ಆಕೆಯನ್ನು ಸಮಾಧಾನ ಮಾಡಲು ಬೆಣ್ಣೆಯಂಥ ದನಿಯಲ್ಲಿ, “ತಪ್ಪಾಯ್ತಮ್ಮ. ಇನ್ಮೇಲೆ ನಿಮ್ಮ ಮಗಳಿಗೆ ಈ ಲೆಕ್ಕದ ತಾಪತ್ರಯವೇ ಬೇಡ. ಬರೋ ವರ್ಷ ಅಡುಗೆ, ಹೊಲಿಗೆ, ಉಪ್ಪಿನಕಾಯಿ ಹಾಕೋದು ಚೆನ್ನಾಗಿ ಕಲಿಸ್ತೀವಿ” ಎಂದರು.

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಿದ್ದವರು ಹಾಗೇ ನಿಂತರು.

“ಉಪ್ಪಿನಕಾಯಾ? ಅದನ್ನ ಕಲ್ಸೋಕೆ ಮನೇಲಿ ನಾನಿಲ್ವಾ? ನನಗೆ ಬರದೇ ಇರೋದು ಲೆಕ್ಕ. ಅದಕ್ಕೇ ಅಲ್ವಾ ನಿಮ್ತಾವ ಕಳಿಸಿರೋದು?”

ಹಿಂದಿದ್ದವರೆಲ್ಲ ಹೌದು ಹೌದು ಎಂದರು. ತಾಯಂದಿರು ಒಪ್ಪಲ್ಲ, ಒಪ್ಪಲ್ಲ ಎಂದು ವರ್ಷಗಟ್ಟಲೆ ಹೇಳಿದ್ದ ಹೆಡ್‌ಮಿಸ್ಟ್ರೆಸ್ ಆಗಲಿ, ಅದನ್ನು ಕೇಳಿಸಿಕೊಂಡು ಹಲ್ಲು ಕಡಿದಿದ್ದ ನಾನಾಗಲಿ, ಒಬ್ಬ ತಾಯಿಯನ್ನೂ ಕರೆದು ಕೇಳಿರಲಿಲ್ಲ.