ಮೈಕಕ್ಕನ ಹದಿನೇಳರ ಮಗ್ಗಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ರಾರ್ಥನಾ ಮಂದಿರದ ಕಾವಲುಗಾರ ಆಕಳಿಸುತ್ತಾ ದೊಡ್ಡ ಬಾಗಿಲು ತೆಗೆಯುತ್ತಾನೆ. ಹೊರಗೆ ನಿಂತ ಲಗೇಜ್ ಆಟೊದಿಂದ ಹೆಂಗಸೊಬ್ಬರು ಕಪ್ಪು ಸ್ಪೀಕರ್ ಪೆಟ್ಟಿಗೆಯನ್ನು ಸೊಂಟಕ್ಕೆ ಆನಿಸಿಕೊಂಡು ಇಳಿಸುತ್ತಾರೆ. ಮೆಟ್ಟಿಲು ಹತ್ತಿ, ಪೆಟ್ಟಿಗೆ ಕೆಳಗಿಟ್ಟು, ಖಾಲಿ ಹಾಲಿನ ನಟ್ಟನಡುವೆ ನಿಂತು ಒಂದೇ ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟುತ್ತಾರೆ. ಹಿಂದಿನ ಗೋಡೆಗೆ ಬಡಿದ ಸದ್ದು ವಾಪಸು ಬರುವವರೆಗೂ ಕದಲುವುದಿಲ್ಲ.

“ಖಾಲಿ ಹಾಲ್ ಸುಳ್ಳು ಹೇಳುತ್ತೆ. ಜನ ತುಂಬಿದ ಮೇಲೆ ಅವರ ಬಟ್ಟೆನೇ ಅರ್ಧ ಸದ್ದು ಕುಡಿದುಬಿಡುತ್ತೆ. ಅದನ್ನ ನೋಡಿಕೊಂಡೇ ಪೆಟ್ಟಿಗೆ ಇಡಬೇಕು,” ಎನ್ನುತ್ತಾರೆ.

ಪೆಟ್ಟಿಗೆ ಇಟ್ಟದ್ದಾಯಿತು. ವೈರು ಗೋಡೆಗುಂಟ ಹೋಯಿತು. ಯಾರೂ ಎಡವಿ ಬೀಳದ ಹಾಗೆ ಬಾಗಿಲಿನ ಬಳಿ ಅದಕ್ಕೆ ಟೇಪು ಬಿತ್ತು. ಕೊನೆಗೆ ಮೈಕಿನ ಮುಂದೆ ನಿಂತು ಅವರು ಶುರುಮಾಡುವುದು “ಹಲೋ ಹಲೋ” ಅಲ್ಲ, ಹದಿನೇಳರ ಮಗ್ಗಿ. “ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ನಾಲ್ಕು...” ಖಾಲಿ ಕುರ್ಚಿಗಳೆಲ್ಲ ಗಂಭೀರವಾಗಿ ಕೇಳಿಸಿಕೊಳ್ಳುತ್ತವೆ.

ಯಾಕೆ ಹದಿನೇಳು ಎಂದರೆ, “ಹಲೋ ಅನ್ನೋಕೆ ತಲೆ ಬೇಡ, ನಿದ್ದೆಗಣ್ಣಲ್ಲೂ ಅನ್ನಬಹುದು. ಹದಿನೇಳರ ಮಗ್ಗಿ ತಪ್ಪದೆ ಹೇಳಬೇಕಾದ್ರೆ ನಿದ್ದೆ ಬಿಡಲೇಬೇಕು,” ಎಂದು ನಗುತ್ತಾರೆ.

ಊರಿನ ಎಲ್ಲ ಧರ್ಮದವರಿಗೂ ಇವರು ಮೈಕಕ್ಕ. ಪ್ರವಚನ, ಪ್ರಾರ್ಥನೆ, ಮದುವೆ, ಸತ್ತವರ ಸ್ಮರಣೆ, ಯಾವುದಿದ್ದರೂ ಮೈಕ್‌ಸೆಟ್ ಇವರದೇ. ವಯಸ್ಸು ನಲವತ್ತು ದಾಟಿದೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಹೆಚ್ಚು ಕಡಿಮೆ ದಿನಕ್ಕೊಂದು ಹಾಲ್, ರಜಾದಿನ ಬಂದರೆ ಎರಡು. ಬರುವ ಸೋಮವಾರದಿಂದ ಇವರು ಧರ್ಮಶಾಸ್ತ್ರ ಕಾಲೇಜಿನಲ್ಲಿ ಎಂ.ಎ. ವಿದ್ಯಾರ್ಥಿನಿ. ಆ ಕಾಲೇಜು ಒಬ್ಬರಿಗೆ ಎರಡೇ ಸಲ ಅರ್ಜಿ ಹಾಕಲು ಬಿಡುತ್ತದೆ. ಮೊದಲನೇ ಸಲ ಮೈಕಕ್ಕನನ್ನು ಬೇಡ ಎಂದು ವಾಪಸು ಕಳಿಸಿತ್ತು. ಈಗ ಸಿಕ್ಕಿರುವುದು ಎರಡನೆಯ ಸಲ, ಅಂದರೆ ಕೊನೆಯ ಸಲ.

ಮೈಕ್‌ಸೆಟ್ ಮೊದಲು ಗಂಡನದು. ಮದುವೆಯಾದ ಹೊಸದರಲ್ಲಿ ವೈರು ಸುತ್ತುವುದಕ್ಕೆ ಕೈಜೋಡಿಸಿದವರು, ಕೆಲವೇ ವರ್ಷಗಳಲ್ಲಿ ಗಂಡನಿಗಿಂತ ಚುರುಕಾದ ಕಿವಿ ಎನಿಸಿಕೊಂಡರು. ನಡುವೆ ಅಂಚೆ ಮೂಲಕ ಬಿ.ಎ. ಮುಗಿಸಿದರು. “ಪುಸ್ತಕ ಓದಿದ್ದೆಲ್ಲ ಸ್ಪೀಕರ್ ಹಿಂದೆ. ಅಲ್ಲಿ ಯಾರೂ ಮಾತಾಡಿಸಲ್ಲ.” ಆರು ವರ್ಷದ ಹಿಂದೆ ಗಂಡ ಕಾಯಿಲೆಯಿಂದ ತೀರಿಕೊಂಡರು. ಎಂ.ಎ. ಅರ್ಜಿಯ ಬೇರು ಇರುವುದು ಅವರ ಸ್ಮರಣೆಯ ಸಭೆಯಲ್ಲಿ.

“ಬೇರೆಯವರ ಸೆಟ್ ತರಿಸು, ನೀನು ಸುಮ್ಮನೆ ಕೂತ್ಕೊ ಅಂತ ಬಡ್ಕೊಂಡೆ. ಕೇಳಬೇಕಲ್ಲ ಇವಳು,” ಎಂದು ಮನೆಯಲ್ಲಿ ಅತ್ತೆ ಈಗಲೂ ದೂರುತ್ತಾರೆ. ಸೊಸೆ ಕೇಳಲಿಲ್ಲ. ಗಂಡನ ಸೆಟ್ಟಿನಲ್ಲೇ ಗಂಡನ ಸ್ಮರಣೆ ನಡೆಯಬೇಕೆಂದು ಹಟ ಹಿಡಿದರು. ಮಾತಾಡಲು ಬಂದ ವಯಸ್ಸಾದ ಧರ್ಮೋಪದೇಶಕರ ಧ್ವನಿ ಮೆತ್ತಗೆ. ಅವರು ಅತ್ತ ತಿರುಗಿದರೆ ಸದ್ದು ಹೋಗುತ್ತದೆ, ಇತ್ತ ಬಾಗಿದರೆ ಗುಡುಗುತ್ತದೆ. ಮೈಕಕ್ಕ ಉದ್ದಕ್ಕೂ ಸದ್ದು ಏರಿಳಿಸುವ ಮಿಕ್ಸರಿನ ಗುಂಡಿ ತಿರುಗಿಸುತ್ತಾ ಅವರ ಧ್ವನಿಯ ಬೆನ್ನು ಹತ್ತಿದರು. ಹಾಲಿನ ಕೊನೇ ಸಾಲಿನವರಿಗೂ ಪ್ರತಿ ಪದ ಕೇಳಿಸಿತು. ಜನ ಕಣ್ಣೊರೆಸಿಕೊಂಡರು.

“ಮಾರನೇ ದಿನ ಬೆಳಗ್ಗೆ ಎದ್ದು ನೋಡ್ತೀನಿ, ಒಂದು ಪದ ನೆನಪಿಲ್ಲ,” ಎನ್ನುತ್ತಾರೆ ಮೈಕಕ್ಕ. “ಅವರ ಧ್ವನಿ ಎಲ್ಲಿ ಇಳೀತು, ಎಲ್ಲಿ ಕೆಮ್ಮಿದ್ರು, ಎಲ್ಲಾ ಹೇಳ್ತೀನಿ. ಏನು ಹೇಳಿದ್ರು ಅಂದ್ರೆ ಗೊತ್ತಿಲ್ಲ. ನನ್ನ ಗಂಡನ ಬಗ್ಗೆ ಏನು ಹೇಳಿದ್ರು ಅಂತ ಅತ್ತೆನ ಕೇಳಬೇಕಾಯ್ತು.”

“ಏನೋ ಚೆನ್ನಾಗಿ ಹೇಳಿದ್ರಪ್ಪ,” ಎಂದು ಅತ್ತೆ ಒಳಗಿನಿಂದಲೇ ಹೇಳುತ್ತಾರೆ. “ನಾನು ಅಳ್ತಾ ಇದ್ದೆ. ಅಳೋಳು ಅರ್ಥ ಬರ್ಕೊಳ್ತಾಳಾ?”

ನೆಂಟರನ್ನು ಕೇಳಿದರು. ಅವರದೂ ಅದೇ ಉತ್ತರ, ಚೆನ್ನಾಗಿತ್ತು. ಕೊನೆಗೆ ಧರ್ಮೋಪದೇಶಕರ ಮನೆಗೇ ಹೋದರು. ಅವರು ತುಂಬ ಹೊತ್ತು ಯೋಚಿಸಿ, “ಯಾವುದಮ್ಮಾ, ಹೋದ ತಿಂಗಳದ್ದಾ?” ಎಂದರಂತೆ. ಹಿಂದಿನ ವಾರವಷ್ಟೇ ನಡೆದದ್ದು. ಮೈಕಕ್ಕನಿಗೆ ದುಃಖವಾಗಲಿಲ್ಲ, ಸಿಟ್ಟು ಬಂತು.

“ಹೇಳಿದವರಿಗೆ ನೆನಪಿಲ್ಲ. ಕೇಳಿದವರಿಗೆ ನೆನಪಿಲ್ಲ. ಕೇಳಿಸಿದವಳಿಗಂತೂ ಗೊತ್ತೇ ಆಗಲಿಲ್ಲ. ಹಾಗಾದ್ರೆ ಸಾವಿನ ಮನೇಲಿ ಈ ಮಾತು ಯಾಕೆ? ಎಲ್ಲಾ ಧರ್ಮದವರೂ ಯಾಕೆ ಯಾರನ್ನಾದ್ರೂ ಕರೆಸಿ ಮಾತಾಡಿಸ್ತಾರೆ? ಇಷ್ಟು ವರ್ಷ ಎಲ್ಲರ ಮೂತಿ ಮುಂದೂ ಮೈಕ್ ಹಿಡಿದಿದ್ದೀನಿ. ಈ ಪ್ರಶ್ನೆ ಕೇಳೋಕೆ ನನಗೊಂದು ಜಾಗ ಬೇಕಿತ್ತು.”

ಜಾಗ ಹುಡುಕಿದಾಗ ಸಿಕ್ಕಿದ್ದು ಧರ್ಮಶಾಸ್ತ್ರ ಕಾಲೇಜಿನ ಎಂ.ಎ. ಹೋದ ವರ್ಷ ಮೊದಲ ಅರ್ಜಿ. ಯಾಕೆ ಓದಬೇಕೆಂದಿದ್ದೀರಿ ಎಂಬ ಎರಡು ಪುಟದ ಬರಹವನ್ನು ಬೀದಿ ಕೊನೆಯ ಕಂಪ್ಯೂಟರ್ ಅಂಗಡಿಯವನಿಗೆ ವಹಿಸಿದರು. ಅವನು ಇಂಥವನ್ನು ಬಹಳ ಬರೆದು ಪಳಗಿದವನು. ಬಾಲ್ಯದಿಂದಲೂ ನನಗೆ ಅಧ್ಯಾತ್ಮದಲ್ಲಿ ಅಪಾರ ಆಸಕ್ತಿ ಎಂದು ಶುರು ಮಾಡಿದ. “ಬಾಲ್ಯದಲ್ಲಿ ನನಗೆ ಆಸಕ್ತಿ ಇದ್ದದ್ದು ನಿದ್ದೇಲಿ,” ಎನ್ನುತ್ತಾರೆ ಮೈಕಕ್ಕ. ಶಿಫಾರಸು ಬರೆದುಕೊಟ್ಟವರು ಪ್ರಾರ್ಥನಾ ಮಂದಿರದ ಮುಖ್ಯಸ್ಥರು. ಸಮಯಕ್ಕೆ ಸರಿಯಾಗಿ ಬರುತ್ತಾರೆ, ಇವರ ಸ್ಪೀಕರ್ ಎಂದೂ ಕುಯ್ ಎಂದಿಲ್ಲ ಎಂದು ಮನಸಾರೆ ಹೊಗಳಿದ್ದರು. ಕಾಲೇಜಿಗೆ ಬೇಕಾಗಿದ್ದದ್ದು ಆ ವಿಷಯವಲ್ಲ. ಆದರೂ ಸಂದರ್ಶನಕ್ಕೆ ಕರೆ ಬಂತು.

ಸಂದರ್ಶನದ ಕೋಣೆಯಲ್ಲಿ ಒಂದು ಹಳೆಯ ಫ್ಯಾನು. ಒಳಗೆ ಕಾಲಿಟ್ಟ ಕೂಡಲೇ ಅದರ ಗುಂಯ್ ಸದ್ದು ಕಿವಿಗೆ ಬಿತ್ತು. ಮೂವರು ಪ್ರೊಫೆಸರುಗಳು ಪ್ರಶ್ನೆ ಕೇಳುತ್ತಿದ್ದರೆ ಮೈಕಕ್ಕನ ಕಣ್ಣು ಚಾವಣಿಗೆ ಹೋಗುತ್ತಿತ್ತು. ಎರಡು ಪ್ರಶ್ನೆಗಳನ್ನು ಮತ್ತೊಮ್ಮೆ ಹೇಳಿಸಿದರು. ಆಮೇಲೆ ಅವರಲ್ಲೊಬ್ಬರು, ನೀವು ಕೇಳಿದ ಒಳ್ಳೆಯ ಪ್ರವಚನ ಒಂದರ ಬಗ್ಗೆ ಹೇಳಿ ಎಂದರು. ಇಷ್ಟು ಸುಲಭದ ಪ್ರಶ್ನೆ ಬಂತಲ್ಲ ಎಂದು ಮೈಕಕ್ಕನಿಗೆ ಖುಷಿಯಾಯಿತು. ಭಾಷಣಕಾರರ ಗಂಟಲು ಎಂಥದು, ಎಲ್ಲಿ ಉಸಿರು ತೆಗೆದುಕೊಂಡರು, ಸದ್ದು ಹಿಂದಿನ ಸಾಲಿಗೆ ಹೇಗೆ ಹೋಯಿತು ಎಂದು ವಿವರವಾಗಿ ಹೇಳಿದರು. ಅವರು ಹೇಳಿದ್ದೇನು ಎಂದು ಪ್ರೊಫೆಸರ್ ಕೇಳಿದರು. ಮೈಕಕ್ಕ ಮತ್ತೆ ಫ್ಯಾನ್ ಕಡೆ ನೋಡಿದರು.

“ಅವರು ಬೇಡ ಅಂದಿದ್ದು ಸರಿ,” ಎನ್ನುತ್ತಾರೆ ಈಗ. “ಆಗ ಬೈದೆ. ಮನೆಗೆ ಬಂದು ಅತ್ತೆ ಹತ್ರ, ಓದಿದವರಿಗೆ ನಮ್ಮಂಥವರು ಅಂದ್ರೆ ತಾತ್ಸಾರ ಅಂತೆಲ್ಲ ಅಂದೆ. ಅತ್ತೆ, ನೀನು ಉತ್ತರ ಹೇಳಿದ್ಯಾ ಅಂದ್ರು. ಹೇಳಿಲ್ಲ. ಮತ್ತೆ ಅವರೇನು ಮಾಡ್ತಾರೆ ಅಂದ್ರು.”

ಉಳಿದದ್ದು ಒಂದೇ ಅವಕಾಶ. ಮೈಕಕ್ಕ ಅದಕ್ಕೆ ಮಾಡಿದ ತಯಾರಿ ವಿಚಿತ್ರವಾದದ್ದು. ಕೇಳುವುದನ್ನು ಹೊಸದಾಗಿ ಕಲಿಯಬೇಕಿತ್ತು. ಸದ್ದನ್ನು ಬಿಟ್ಟು ಮಾತನ್ನು ಹಿಡಿಯಬೇಕಿತ್ತು. ಅದೂ ದುಡಿಮೆಯ ಜಾಗದಲ್ಲಿ, ಕೈ ಮಿಕ್ಸರಿನ ಮೇಲಿರುವಾಗ.

ಮೊದಲ ದಿನವೇ ಪೆಟ್ಟು ಬಿತ್ತು. ಒಬ್ಬ ವ್ಯಾಪಾರಿಯ ಸ್ಮರಣೆಯ ಸಭೆ. ಮಾತಾಡಲು ಬಂದಾಕೆ ಒಳ್ಳೆಯ ಮಾತುಗಾರ್ತಿ. ಮೈಕಕ್ಕ ಹಟ ಹಿಡಿದು ಮಾತನ್ನೇ ಕೇಳುತ್ತಾ ಕೂತರು. ಸತ್ತವರ ಚಪ್ಪಲಿಯನ್ನು ಬಾಗಿಲಲ್ಲಿ ಎಷ್ಟು ದಿನ ಬಿಡಬೇಕು ಅಂತ ಯಾವ ಗ್ರಂಥವೂ ಹೇಳಿಲ್ಲ, ಅದನ್ನು ಮನೆಯವರೇ ತೀರ್ಮಾನಿಸಬೇಕು ಎಂದು ಆಕೆ ಹೇಳಿದರು. ಮೈಕಕ್ಕನ ಕೈ ಗುಂಡಿಯ ಮೇಲೆ ಹಾಗೇ ನಿಂತುಬಿಟ್ಟಿತು. ಆಕೆ ಮಾತಾಡುತ್ತಲೇ ಸ್ಪೀಕರ್ ಕಡೆ ಒಂದು ಹೆಜ್ಜೆ ಸರಿದರು. ಹಾಲಿಡೀ ಕುಯ್ ಎಂದು ಕಿರುಚಿತು. ಜನ ಕಿವಿ ಮುಚ್ಚಿಕೊಂಡರು. ಸತ್ತವರ ಮಗ ಎದ್ದು ನಿಂತು ಮೈಕಕ್ಕನನ್ನೇ ದಿಟ್ಟಿಸಿದ. ಆ ಹಾಲಿನವರು ಅಂದಿನಿಂದ ಇವರನ್ನು ಕರೆದಿಲ್ಲ.

“ಇಷ್ಟು ವರ್ಷದಲ್ಲಿ ಅದೇ ಮೊದಲ ಕುಯ್. ಮರ್ಯಾದೆ ಹೋಯ್ತು,” ಎನ್ನುತ್ತಾರೆ. ಸ್ವಲ್ಪ ಹೊತ್ತು ವೈರು ಸುತ್ತುತ್ತಾರೆ. “ಆದ್ರೆ ಆ ಚಪ್ಪಲಿ ಮಾತು ಪೂರ್ತಿ ನೆನಪಿದೆ. ನಮ್ಮನೆ ಬಾಗಿಲಲ್ಲಿ ಗಂಡನ ಚಪ್ಪಲಿ ಇನ್ನೂ ಇದ್ದವು. ಅವತ್ತು ಸಾಯಂಕಾಲ ಅತ್ತೆನೂ ನಾನೂ ಕೂತು ಮಾತಾಡಿ ಒಳಗೆ ತೆಗೆದಿಟ್ವಿ.”

ಎರಡು ಕೆಲಸ ಒಟ್ಟಿಗೆ ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಮೈದುನನನ್ನು ಹಿಡಿದು ತಂದರು. ಬಸ್ ಡಿಪೋದಲ್ಲಿ ಟೈರು ಕಳಚುವ ಕೆಲಸದವನು ಆತ. ವಾರಕ್ಕೆರಡು ದಿನ ಮಿಕ್ಸರ್ ಆತನ ಕೈಗೆ, ಮೈಕಕ್ಕ ಜನರ ನಡುವೆ ಕುರ್ಚಿಗೆ.

“ಅತ್ತಿಗೆ, ಈ ಗುಂಡಿ ಎಷ್ಟು ತಿರುಗಿಸಲಿ?”

“ಟೈರ್ ಬೋಲ್ಟ್ ಅಲ್ಲಪ್ಪ ಅದು. ಮಗು ಮೂಗು ಹಿಂಡೋ ಹಾಗೆ ಹಿಂಡು.”

“ನಾನು ಮಗುವಿನ ಮೂಗು ಹಿಂಡಿದ್ರೆ ಮಗು ಬದುಕಲ್ಲ ಅತ್ತಿಗೆ.”

ಆತನ ಕೈ ಇನ್ನೂ ಪಳಗಿಲ್ಲ. ಸ್ಪೀಕರ್ ಕುಯ್ ಎಂದಾಗಲೆಲ್ಲ ಮೈಕಕ್ಕ ಕುರ್ಚಿಯಿಂದ ಅರ್ಧ ಎದ್ದು, ಹಲ್ಲು ಕಚ್ಚಿ ಮತ್ತೆ ಕೂರುತ್ತಿದ್ದರು. “ಏಳದೆ ಕೂತಿದ್ದೇ ನನ್ನ ಎಂ.ಎ. ಕೋಚಿಂಗ್,” ಎನ್ನುತ್ತಾರೆ. ಹಾಗೆ ಒಂದು ವರ್ಷ ಎಲ್ಲ ಧರ್ಮಗಳ ಸಾವಿನ ಸಭೆಗಳಲ್ಲಿ ಕೂತರು. ಮಾರನೇ ದಿನ, ಸಭೆಗೆ ಬಂದಿದ್ದವರಲ್ಲಿ ಕೆಲವರನ್ನು ಹುಡುಕಿಕೊಂಡು ಹೋಗಿ, ನಿನ್ನೆ ಏನು ಹೇಳಿದ್ರು ನೆನಪಿದೆಯಾ ಎಂದು ಕೇಳಿದರು. ಹೆಚ್ಚಿನವರಿಗೆ ನೆನಪಿರಲಿಲ್ಲ. ಆದರೆ ಯಾರೂ ಸಭೆ ಬೇಡವಾಗಿತ್ತು ಎನ್ನಲಿಲ್ಲ.

ಎರಡನೇ ಅರ್ಜಿಯನ್ನು ಸ್ವತಃ ಬರೆದರು. ಹದಿನೇಳರ ಮಗ್ಗಿ, ಗಂಡನ ಸ್ಮರಣೆ, ನೆನಪಾಗದ ಮಾತು, ವ್ಯಾಪಾರಿಯ ಸಭೆಯ ಕುಯ್, ಎಲ್ಲವೂ ಇದ್ದದ್ದು ಇದ್ದಹಾಗೆ. ಶಿಫಾರಸಿಗೆ ಈ ಸಲ ಹೋದದ್ದು ಬಿ.ಎ. ಓದುವಾಗ ಇವರ ಉತ್ತರ ತಿದ್ದುತ್ತಿದ್ದ ಮೇಡಮ್ ಬಳಿಗೆ. ಆಕೆ ಸ್ಪೀಕರಿನ ಸುದ್ದಿ ಎತ್ತಲಿಲ್ಲ.

ಅದೇ ಕೋಣೆ, ಅದೇ ಮೂವರು, ಅದೇ ಫ್ಯಾನು. ಮೈಕಕ್ಕ ಕೂರುವ ಮೊದಲೇ, “ತಪ್ಪು ತಿಳ್ಕೋಬೇಡಿ, ಆ ಫ್ಯಾನ್ ಆಫ್ ಮಾಡಬಹುದಾ?” ಎಂದರು. ಮಾಡಿದರು. ಆಮೇಲೆ ಮುಕ್ಕಾಲು ಗಂಟೆ ಎಲ್ಲರೂ ಬೆವರಿದರು.

ಸಭೆ ಮುಗಿದಾಗ ಜನರ ಭುಜ ಇಳಿದಿರುತ್ತೆ, ಮಾತು ನೆನಪಿರದಿದ್ದರೂ ಅದು ಏನೋ ಕೆಲಸ ಮಾಡಿರುತ್ತೆ ಎಂದು ಮೈಕಕ್ಕ ವಾದಿಸಿದರು. ಹೋದ ಸಲ ಪ್ರವಚನದ ಬಗ್ಗೆ ಕೇಳಿದ್ದ ಪ್ರೊಫೆಸರ್ ಅದನ್ನು ಬಿಡಿಬಿಡಿಯಾಗಿ ಕಿತ್ತರು. ಭುಜ ಇಳಿದದ್ದು ಮಾತಿಂದಲೇ ಅಂತ ಹೇಗೆ ಹೇಳ್ತೀರಿ, ಒಟ್ಟಿಗೆ ಕೂತದ್ದರಿಂದ ಯಾಕಲ್ಲ, ಅತ್ತು ಸುಸ್ತಾಗಿದ್ದರಿಂದ ಯಾಕಲ್ಲ ಎಂದರು. ಕೊನೆಗೆ ಪ್ರೊಫೆಸರ್ ಅರ್ಜಿಯ ಹಾಳೆ ಬದಿಗಿಟ್ಟು ಕೇಳಿದರು: “ಮಾತು ಯಾವುದಾದರೂ ಆಗುತ್ತೆ ಅನ್ನೋದಾದರೆ, ಸಾವಿನ ಮನೆಯಲ್ಲಿ ನಿಮ್ಮ ಹದಿನೇಳರ ಮಗ್ಗಿ ಹೇಳಿದರೂ ಸಾಕಲ್ಲವೇ?”

“ತಲೆ ಮೇಲೆ ಹೊಡೆದ ಹಾಗಾಯ್ತು,” ಎನ್ನುತ್ತಾರೆ ಮೈಕಕ್ಕ. “ಗಂಡ ತೀರಿಕೊಂಡ ವಾರ ಒಂದು ಬೆಳಗ್ಗೆ ಹಾಲಲ್ಲಿ ಒಬ್ಬಳೇ ನಿಂತು ಅದೇ ಮಗ್ಗಿ ಹೇಳಿದ್ದೆ. ಹೇಳ್ತಾ ಹೇಳ್ತಾ ಸಮಾಧಾನ ಆಗಿತ್ತು. ಅದನ್ನ ಅವರಿಗೆ ಹೇಳಿದೆ. ಹೌದೋ ಅಲ್ವೋ ಗೊತ್ತಿಲ್ಲ ಸಾರ್, ಅದನ್ನೇ ಓದೋಕೆ ಬಂದಿದ್ದೀನಿ ಅಂದೆ.”

ಪ್ರೊಫೆಸರ್ ತಮ್ಮ ಮಾತನ್ನು ಮರೆಮಾಚುವುದಿಲ್ಲ. “ಹೋದ ವರ್ಷ ಅವರು ಫ್ಯಾನ್ ಕೇಳಿಸಿಕೊಂಡರು, ಈ ವರ್ಷ ನಮ್ಮನ್ನು ಕೇಳಿಸಿಕೊಂಡರು. ಅವರ ವಾದ ಇನ್ನೂ ದುರ್ಬಲ. ಆದರೆ ಪ್ರಶ್ನೆ ಅವರದೇ. ಅರ್ಜಿ ಹಾಕಿದವರಲ್ಲಿ ಬಹಳ ಜನಕ್ಕೆ ಅದು ಇರುವುದಿಲ್ಲ,” ಎನ್ನುತ್ತಾರೆ.

ಸೀಟು ಸಿಕ್ಕಿದ ಸುದ್ದಿ ಫೋನಿನಲ್ಲಿ ಬಂದಾಗ ಮೈಕಕ್ಕ ಏಣಿಯ ಮೇಲಿದ್ದರು. ಕೆಳಗೆ ಏಣಿ ಹಿಡಿದಿದ್ದ ಮೈದುನ ಸುದ್ದಿ ಕೇಳಿ ಏಣಿ ಬಿಟ್ಟು ಚಪ್ಪಾಳೆ ತಟ್ಟಿದ. “ಬೀಳೋದೊಂದು ಬಾಕಿ,” ಎಂದು ನೆನೆಸಿಕೊಂಡು ನಗುತ್ತಾರೆ. ಅಂದು ಪ್ರಾರ್ಥನಾ ಮಂದಿರದ ಮುಖ್ಯಸ್ಥರು ಸಭೆಯ ಕೊನೆಗೆ, ನಮ್ಮ ಮೈಕಕ್ಕ ಎಂ.ಎ.ಗೆ ಹೋಗ್ತಿದ್ದಾರೆ ಎಂದು ಅವರದೇ ಮೈಕಿನಲ್ಲಿ ಹೇಳಿದರು. ಜನ ಹಿಂದಕ್ಕೆ ತಿರುಗಿ ಸ್ಪೀಕರ್ ಪಕ್ಕದ ಹೆಂಗಸನ್ನು ನೋಡಿದರು. ಆ ಹಾಲಿನಲ್ಲಿ ಜನ ಹಾಗೆ ತಿರುಗುವುದು ಸದ್ದು ಕೆಟ್ಟಾಗ ಮಾತ್ರ. ಈ ಸಲ ಸದ್ದು ಚೆನ್ನಾಗಿಯೇ ಇತ್ತು, ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಅತ್ತೆ ಮಾತ್ರ ಬೀದಿಯವರಿಗೆಲ್ಲ, “ನನ್ನ ಸೊಸೆ ಈ ವಯಸ್ಸಲ್ಲಿ ಕಾಲೇಜಿಗೆ ಹೋಗ್ತಾಳಂತೆ, ಅಡುಗೆ ನನ್ನ ತಲೆಗೆ ಬಂತು,” ಎಂದು ಗೋಳು ಹೇಳಿಕೊಳ್ಳುತ್ತಾರೆ. ಕೇಳದವರಿಗೂ ನಿಲ್ಲಿಸಿ ಹೇಳುತ್ತಾರೆ.

ಮೊನ್ನೆ ಕಾಲೇಜಿನ ಆಫೀಸಿನಿಂದ ಫೋನ್ ಬಂದಿತ್ತು. ಸೋಮವಾರ ಹೊಸ ವಿದ್ಯಾರ್ಥಿಗಳ ಸ್ವಾಗತ ಸಭೆ, ಮೈಕ್‌ಸೆಟ್ ಬೇಕು, ಬರ್ತೀರಾ ಎಂದು ಗುಮಾಸ್ತರು ಕೇಳಿದರು. ಪಾಪ, ಅವರಿಗೆ ಗೊತ್ತಿಲ್ಲ.

“ಸೆಟ್ ಬರುತ್ತೆ, ನಾನು ಬರಲ್ಲ ಅಂದೆ. ಅಂದ್ರೆ ಬರ್ತೀನಿ, ಆದ್ರೆ ಕುರ್ಚಿಗೆ ಅಂದೆ. ಅವರಿಗೆ ಅರ್ಥ ಆಗೋಕೆ ಸ್ವಲ್ಪ ಹೊತ್ತು ಹಿಡೀತು.”

ಮಿಕ್ಸರಿನ ಹಿಂದೆ ಮೈದುನ ಇರುತ್ತಾನೆ. ಅದೇ ಭಯ. ಮೈಕಕ್ಕ ಸುತ್ತಿದ ವೈರನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಒತ್ತುತ್ತಾರೆ.

“ಅವನು ಅಷ್ಟು ಜನ ಪ್ರೊಫೆಸರ್‌ಗಳ ಮುಂದೆ ಕುಯ್ ಅನ್ನಿಸ್ತಾನೆ, ಗ್ಯಾರಂಟಿ. ಅನ್ನಿಸಲಿ. ನಾನು ಏಳಲ್ಲ.”