ಎದುರುಮನೆ ಕಾರಿಗೆ ವಿಭೂತಿ

ಆಯುಧಪೂಜೆಯ ಬೆಳಿಗ್ಗೆ ನಾನು ಜಗಳಕ್ಕೆಂದೇ ಗೇಟು ತೆರೆದೆ. ಎದುರುಮನೆಯವರ ಕಡುನೀಲಿ ಕಾರು ಎಂದಿನಂತೆ ಅಡ್ಡ ನಿಂತಿತ್ತು. ಆದರೆ ವಿದ್ಯಾರಣ್ಯಪುರಂನ ನಮ್ಮ ಬೀದಿ ತುಂಬ ಅವತ್ತು ಸಾಂಬ್ರಾಣಿ ಹೊಗೆ. ಆ ಹೊಗೆಯೊಳಗೆ ಕಾರು ನೆಲ ಬಿಟ್ಟು ತೇಲುತ್ತಿರುವಂತೆ ಕಂಡಿತು. ಮೂತಿಗೆ ಚೆಂಡುಹೂವಿನ ಹಾರ, ಬಾನೆಟ್ಟಿನ ಮೇಲೆ ಮೂರು ಬೆರಳಿನಲ್ಲಿ ಎಳೆದ ವಿಭೂತಿ ಪಟ್ಟೆ. ನಮ್ಮ ಸ್ಕೂಟರಿಗೆ ಪೂಜೆ ಮುಗಿಸಿದ ಅತ್ತೆ, ಅದೇ ಆರತಿಯನ್ನು ನಿಧಾನವಾಗಿ ಆ ಕಾರಿಗೂ ಬೆಳಗುತ್ತಿದ್ದರು.

"ಅತ್ತೆ, ಅದು ನಮ್ಮ ಕಾರಲ್ಲ!"

"ನಂಗೊತ್ತಿಲ್ವೇನಮ್ಮ? ಹಬ್ಬದ ದಿನ ನಮ್ಮ ಬಾಗ್ಲಲ್ಲಿ ನಿಂತದೆ. ಹೂವಿಲ್ದೆ ಎಂಗೆ ಬುಡೋದು?"

ಅಷ್ಟರಲ್ಲಿ ಎದುರುಮನೆಯವರು ಕೀ ಹಿಡಿದು ಧಾವಿಸಿ ಬಂದರು. ಗೇಟಿನ ವಿಷಯಕ್ಕೆ ನಾವು ಮಾತು ಬಿಟ್ಟು ತಿಂಗಳುಗಳೇ ಆಗಿದ್ದವು.

"ತೆಗೀತೀನಿ ಕಣ್ರೀ, ಕೂಗಾಡ್ಬೇಡಿ" ಎಂದವರು ಕಾರು ನೋಡಿ ಅಲ್ಲೇ ನಿಂತರು. ಅವರ ಹಣೆಯ ಮೇಲೆ ಆಗಷ್ಟೇ ಇಟ್ಟುಕೊಂಡ ನಾಮ ಇನ್ನೂ ಹಸಿಯಾಗಿತ್ತು. ತಮ್ಮ ಕಾರಿಗೆ ನಮ್ಮ ಮನೆಯ ವಿಭೂತಿ ಕಂಡು ಏನೆನ್ನುವರೋ ಎಂದು ನಾನು ಗೇಟು ಹಿಡಿದೇ ನಿಂತೆ. ಅವರು ಚಪ್ಪಲಿ ಕಳಚಿದರು. ಬರಿಗಾಲಲ್ಲಿ ರಸ್ತೆಯ ಮೇಲೆ ನಿಂತು, ಅತ್ತೆಯ ಮುಂದೆ ಎರಡೂ ಕೈ ಚಾಚಿ ಮಂಗಳಾರತಿ ತೆಗೆದುಕೊಂಡರು.

ಈಗ ಆ ಕಾರು ನಮ್ಮ ಗೇಟಿಗೆ ಜಾಗ ಬಿಟ್ಟು ನಿಲ್ಲುತ್ತದೆ. ಅವರು ಅದನ್ನು ದಿನವೂ ಒರೆಸುವುದನ್ನು ಕಿಟಕಿಯಿಂದ ನೋಡುತ್ತೇನೆ. ಬಾನೆಟ್ಟಿನ ಮೇಲೆ ಬಂದಾಗ ಅವರ ಬಟ್ಟೆ, ಮಾಸುತ್ತಿರುವ ಆ ಮೂರು ಪಟ್ಟೆಗಳಿಗೂ ಜಾಗ ಬಿಟ್ಟು ಬಳಸಿಕೊಂಡು ಹೋಗುತ್ತದೆ.